ಅಬ್ಬಾ ತಂದ ರೇಡಿಯಂ

ಶಿರಸಿಯಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಡ್ರೈವರನ ಪಕ್ಕದ ಸೀಟು ಸಿಕ್ಕಿತೆಂದರೆ ಹೊರಗಿನವರಿಗೆ ಖುಷಿ, ಊರಿನವರಿಗೆ ಗಾಬರಿ. ಯಾಕೆಂದರೆ ಆ ಗಾಡಿ ಓಡಿಸುತ್ತಿದ್ದವರು ನನ್ನ ಅಬ್ಬಾ, ಗನಿ ಸಾಹೇಬರು. ಮೋಟಾರು ಕೆಟ್ಟು ನಿಂತರೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಕಿರವತ್ತಿ ಬರುವಷ್ಟರಲ್ಲಿ ಪಕ್ಕದವನ ಮಗಳ ಮದುವೆ, ಅಣ್ಣತಮ್ಮಂದಿರ ಜಗಳ, ಹೊಟ್ಟೆನೋವು ಎಲ್ಲದಕ್ಕೂ ಒಂದೊಂದು ಪರಿಹಾರ ಹೇಳಿ ಮುಗಿಸಿರುತ್ತಿದ್ದರು. ಅವನು ಕೇಳಿಯೇ ಇರುತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮ ಮನೆಮಾತು ಉರ್ದು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಅಬ್ಬಾ ಹೇಗೂ ಅರ್ಧ ಮಾತು ಕನ್ನಡದಲ್ಲೇ ಆಡುತ್ತಿದ್ದರು, ಬೈಗುಳವಂತೂ ಪೂರ್ತಿ ಕನ್ನಡ. ಓದು ಬರಹ ಅಷ್ಟಕ್ಕಷ್ಟೇ, ಆದರೆ ಕಿವಿ ಬಹಳ ಚುರುಕು. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಅರ್ಧ ಕೇಳಿದ್ದನ್ನು ತಾವೇ ಪೂರ್ತಿ ಮಾಡಿಕೊಳ್ಳದೆ ಬಿಡುತ್ತಿರಲಿಲ್ಲ. ನಮ್ಮ ಮನೆ ಮುಳುಗಿದ್ದೇ ಅದರಿಂದ ಎಂದು ಸಿಟ್ಟು ಬಂದಾಗ ಹೇಳುತ್ತೇನೆ. ಸಿಟ್ಟು ಇಳಿದ ಮೇಲೆ ಹಾಗೆ ಹೇಳಲು ನಾಲಿಗೆ ಹೊರಳುವುದಿಲ್ಲ.

ಅಮ್ಮ ಅಮೀರುನ್ನಿಸಾ. ಅವಳ ಬಾಯಿಯೂ ಊರಿಗೆಲ್ಲ ಗೊತ್ತಿತ್ತು, ಆದರೆ ಹಾಡಿಗಾಗಿ. ಶಿರಸಿಯಲ್ಲಿ ನಮ್ಮವರ ಮನೆಯ ಮದುವೆಯೆಂದರೆ ಅರಿಶಿನದ ಹಾಡಿಗೆ ಅವಳು ಬರಲೇಬೇಕು. ಅವಳಿಗಿದ್ದ ಒಂದೇ ಚಟ ಕವಳ. ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪು ಸೇರಿಸಿ ಎಡದವಡೆಗೆ ಒತ್ತಿಟ್ಟುಕೊಂಡರೆ ಮಲಗುವಾಗಲೂ ಉಗುಳುತ್ತಿರಲಿಲ್ಲ.

"ಶಿರಸಿ ಪೇಟೆ ಅಡಿಕೆ ಎಲ್ಲ ನೀನೊಬ್ಳೇ ಮುಗಿಸ್ತಿ ಮಾರಾಯ್ತಿ" ಎಂದು ಅಬ್ಬಾ ಕಿಚಾಯಿಸುವರು.

"ನಾನು ಅಡಿಕೆ ತಿಂತೆ. ನೀವು ಜನರ ತಲೆ ತಿಂತ್ರಿ" ಎಂದು ಅಮ್ಮ.

ಮೂವತ್ತೈದನೇ ಇಸವಿಯ ಮಳೆಗಾಲ ಕಳೆದ ಮೇಲೆ ಅವಳ ಎಡಗೆನ್ನೆಯೊಳಗೆ ಹುಣ್ಣಾಯಿತು. ಸುಣ್ಣ ಹೆಚ್ಚಾಗಿ ಬಾಯಿ ಬೆಂದಿದೆ ಎಂದುಕೊಂಡೆವು. ಜೇನು ಹಚ್ಚಿದೆವು, ತುಪ್ಪ ಹಚ್ಚಿದೆವು. ನಮಗೆ ಹಾಲು ಹಾಕುವ ಚೌಡಮ್ಮ ಯಾವುದೋ ತೊಗಟೆ ತೇದು ತಂದಳು. ಒಂದು ದಿನ ಬೆಳಕಿಗೆ ಬಾಯಿ ತೆರೆಸಿ ನೋಡಿದ ಅವಳೇ, "ಅಮೀರಕ್ಕ, ಇದು ನನ್ನ ಔಷಧಿಗೆ ಬಗ್ಗೂದಲ್ಲ. ಗಟ್ಟಿ ಆಗದೆ. ಸುಮ್ನೆ ಕೂರ್ಬೇಡಿ, ಡಾಕ್ಟ್ರಿಗೆ ತೋರ್ಸಿ" ಎಂದಳು.

ಡಾಕ್ಟರ್ ಮಧುಕೇಶ್ವರರು ಮುಂಬಯಿಯಲ್ಲಿ ಕಲಿತು ಬಂದು ನಮ್ಮೂರಲ್ಲಿ ದವಾಖಾನೆ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಅಮ್ಮನನ್ನು ನೋಡಿ ಅವಳನ್ನು ಹೊರಗೆ ಕೂರಿಸಿ ಅಬ್ಬಾನ ಹತ್ತಿರ ನೇರವಾಗಿ ಹೇಳಿದರು: "ಕ್ಯಾನ್ಸರ್, ಸಾಹೇಬ್ರೆ. ಈಗ ಕೆನ್ನೆಯಲ್ಲಿ ಮಾತ್ರ ಇದೆ, ಕುತ್ತಿಗೆಗೆ ಇಳಿದಿಲ್ಲ. ಇಳಿಯೂದರೊಳಗೆ ಅದನ್ನು ಸುಟ್ಟರೆ ಬದುಕ್ತಾರೆ. ಇಳಿದ ಮೇಲೆ ನನ್ನ ಕೈಲೂ ಇಲ್ಲ, ಯಾರ ಕೈಲೂ ಇಲ್ಲ." ಕತ್ತಿ ಹಾಕಿದರೆ ಅರ್ಧ ಮುಖವೇ ಹೋಗುತ್ತದೆ, ಅಷ್ಟು ದೊಡ್ಡ ಕೆಲಸ ತಮ್ಮಿಂದ ಆಗದು, ಸುಡುವುದಕ್ಕೆ ರೇಡಿಯಂ ಬೇಕು ಎಂದರು.

ಅಬ್ಬಾನಿಗೆ ನಂಬಿಕೆ ಬರಲಿಲ್ಲ. ಹುಬ್ಬಳ್ಳಿಯ ಸಂತೆಯಲ್ಲಿ ಯಾವನೋ ಬಣ್ಣದ ಬಾಟಲಿಗಳನ್ನು ಇಟ್ಟುಕೊಂಡು ರೇಡಿಯಂ ನೀರು, ಕುಡಿದರೆ ಮುದುಕನಿಗೂ ಹಲ್ಲು ಬರುತ್ತದೆ ಎಂದು ಕೂಗುವುದನ್ನು ಅವರು ಕೇಳಿದ್ದರು. "ಅದೇ ಸರಕಾ ಸಾಹೇಬ್ರೆ ಇದೂ?" ಎಂದು ಕೇಳಿಯೂಬಿಟ್ಟರು. ಡಾಕ್ಟರರಿಗೆ ಅವಮಾನವಾಗಿರಬೇಕು. ಅಬ್ಬಾನನ್ನು ಕುರ್ಚಿಯಲ್ಲಿ ಕೂರಿಸಿ ಪೂರ್ತಿ ಕಥೆ ಹೇಳಿದರು.

ಆ ಕಥೆ ನಮ್ಮ ಮನೆಯಲ್ಲಿ ಎಷ್ಟು ಸಲ ನಡೆಯಿತೆಂದರೆ ನನಗೆ ಈಗಲೂ ಬಾಯಿಪಾಠ. ಪ್ಯಾರಿಸ್ ಎಂಬ ಊರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಆ ಹೆಂಗಸಿನ ಹೆಸರನ್ನು ಅಬ್ಬಾ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರು. ಗಣಿಯವರು ಕಾಡಿನಲ್ಲಿ ಚೆಲ್ಲಿದ್ದ ಕಪ್ಪು ಅದಿರನ್ನು ಗಾಡಿಗಟ್ಟಲೆ ತರಿಸಿ, ಮಾಡು ಸೋರುವ ಒಂದು ಕೊಟ್ಟಿಗೆಯಲ್ಲಿ ಆಕೆ ಕಬ್ಬಿಣದ ಸಲಾಕೆಯಿಂದ ತಿರುವಿ ತಿರುವಿ ಕುದಿಸಿದಳು. ವರ್ಷಗಟ್ಟಲೆ ಕುದಿಸಿದಳು. ಅಷ್ಟೂ ರಾಶಿ ಬತ್ತಿ ಕೊನೆಗೆ ಉಳಿದದ್ದು ಚಿಟಿಕೆಗೂ ಸಿಗದಷ್ಟು ಉಪ್ಪು. ಆ ಉಪ್ಪು ಕತ್ತಲಲ್ಲಿ ತಾನೇ ಹೊಳೆಯುತ್ತಿತ್ತು. ಬೆಂಕಿ ತಾಗಿಸದೆ ತಾನೇ ಬಿಸಿಯಾಗಿರುತ್ತಿತ್ತು. ಕಪ್ಪು ಕಾಗದದಲ್ಲಿ ಸುತ್ತಿಟ್ಟರೂ ಅದರ ಕಿರಣ ದಾಟಿ ಬರುತ್ತಿತ್ತು, ದಪ್ಪ ಸೀಸಕ್ಕೆ ಮಾತ್ರ ತಗ್ಗುತ್ತಿತ್ತು. ಆಕೆಯ ಗಂಡ ಅದನ್ನು ತೋಳಿಗೆ ಕಟ್ಟಿಕೊಂಡು ನೋಡಿದರೆ ಚರ್ಮ ಸುಟ್ಟು ಹುಣ್ಣಾಯಿತು. ಚರ್ಮ ಸುಡುವುದು ರೋಗವನ್ನೂ ಸುಡುತ್ತದೆಯಲ್ಲ ಎಂದು ಡಾಕ್ಟರರಿಗೆಲ್ಲ ಆಗ ಹೊಳೆಯಿತು.

ಕೊನೆಗೆ ಮಧುಕೇಶ್ವರರು ಹೇಳಿದ ಮಾತು ಅಬ್ಬಾನ ತಲೆಯಲ್ಲಿ ಮೊಳೆ ಹೊಡೆದು ಕೂತುಬಿಟ್ಟಿತು. "ಸಂತೆಯವನ ನೀರು ನಾಳೆ ಹಳಸ್ತದೆ. ಇದು ಹಾಗಲ್ಲ. ರೇಡಿಯಂನ ಶಕ್ತಿ ಅರ್ಧಕ್ಕೆ ಇಳಿಯಲಿಕ್ಕೇ ಸಾವಿರದಾರುನೂರು ವರ್ಷ ಬೇಕು."

"ಸಾವಿರದಾರುನೂರು!" ಅಬ್ಬಾ ಮನೆಗೆ ಬಂದು ಹಣೆ ಹಣೆ ಬಡಿದುಕೊಂಡರು. "ನನ್ನ ಮೋಟಾರಿನ ಟಾಯರು ಒಂದು ಮಳೆಗಾಲ ತಡೆಯೂದಿಲ್ಲ!"

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಸೀಟಿನವರ ಹೊಟ್ಟೆನೋವು, ಜಗಳ ಎಲ್ಲ ಬದಿಗೆ ಸರಿದು ಬರೀ ರೇಡಿಯಂ. ಯಲ್ಲಾಪುರದಲ್ಲಿ ಒಬ್ಬ ಫಾರೆಸ್ಟ್ ಆಫೀಸರನ ಕೈಗಡಿಯಾರದ ಅಂಕಿ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿತ್ತಂತೆ. ಅಬ್ಬಾ ಆತನ ಕೈ ಹಿಡಿದು, ಕಂಬಳಿಯೊಳಗೆ ತಲೆ ಹಾಕಿ, ಹೊಳೆಯುವುದನ್ನು ಕಣ್ಣಾರೆ ನೋಡಿ ಬಂದರು. "ನೋಡ್ದೆ ಕಣೇ, ನಿನ್ನ ಔಷಧಿ ನೋಡ್ದೆ" ಎಂದು ಅಮ್ಮನಿಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಅಮ್ಮ ಬದುಕುತ್ತಾಳೆ ಎಂದು ಅವರು ಅವತ್ತು ನಂಬಿದರು. ನಾವೂ ನಂಬಿದೆವು.

ಮಧುಕೇಶ್ವರರು ಮುಂಬಯಿಯ ತಮ್ಮ ಗುರುಗಳಿಗೆ ಬರೆದರು. ಸೂಜಿಯಷ್ಟು ಸಣ್ಣ ಗಾಜಿನ ಕಡ್ಡಿಗಳನ್ನು ಸೀಸದ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ಹುಬ್ಬಳ್ಳಿಗೆ ಕಳಿಸುವುದು, ಅಲ್ಲಿಂದ ಅಬ್ಬಾ ತಮ್ಮ ಮೋಟಾರಿನಲ್ಲೇ ತರುವುದು ಎಂದಾಯಿತು. ಕಡ್ಡಿಗಳನ್ನು ಕೆನ್ನೆಗೆ ಚುಚ್ಚಿ ಒಂದು ವಾರ ಹಾಗೇ ಬಿಡಬೇಕು. ಆ ವಾರ ಅಮ್ಮ ಬಾಯಿ ತೆರೆಯುವಂತಿಲ್ಲ, ಮುಖ ಊದಿಕೊಳ್ಳುತ್ತದೆ, ಗಂಜಿಯನ್ನೂ ಕೊಳವೆಯಲ್ಲೇ ಹೀರಬೇಕು.

"ಬಂದ ಕೂಡ್ಲೇ ತಂದುಕೊಡಿ. ತಡ ಮಾಡೂದು ಬೇಡ" ಎಂದರು ಡಾಕ್ಟರರು.

ಇದನ್ನು ಅವರು ಹೇಳಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಮೋಟಾರಿನಲ್ಲಿ ಪಾರ್ಸೆಲ್ ತರಿಸುವವರು ಯಾರು ತಾನೇ ಹಾಗೆ ಹೇಳುವುದಿಲ್ಲ? ಸೀರೆ ತರಿಸುವವರಿಗೂ ತುರ್ತು, ಹಾರ್ಮೋನಿಯಂ ತರಿಸುವವರಿಗೂ ತುರ್ತು. ಅಬ್ಬಾ ಬೆವರು ಸುರಿಸಿ ತಂದಿಟ್ಟರೆ ವಾರಗಟ್ಟಲೆ ಒಯ್ಯುವವರೇ ದಿಕ್ಕಿಲ್ಲ. ತುರ್ತು ಎಂಬ ಮಾತಿಗೆ ಅವರ ಕಿವಿ ಎಂದೋ ಮರಗಟ್ಟಿತ್ತು. ಯಾಕೆ ತುರ್ತು ಎಂದು ಡಾಕ್ಟರರು ಬಿಡಿಸಿ ಹೇಳಲಿಲ್ಲ, ಅಬ್ಬಾ ಕೇಳಲಿಲ್ಲ.

ಇಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಹುಡುಗ ಯಲ್ಲಾಪುರದ ನೂರ್ ಅಹ್ಮದ್, ಕಾಡಿನ ಮರದ ನಾಟಾ ಸಾಗಿಸುವ ಲಾರಿಯವರು. ಮೂವತ್ತಾರರ ಮಾರ್ಚಿನಲ್ಲಿ ಒಂದು ಶುಕ್ರವಾರ ನಿಕಾಹ್. ಅದು ತಪ್ಪಿದರೆ ಮುಂದಿನ ವಾರ ಮೊಹರಂ ತಿಂಗಳು ಹತ್ತುತ್ತದೆ, ಅದರಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಗಂಡಿನವರು ಅಷ್ಟು ದಿನ ಕಾಯುವ ಪೈಕಿ ಅಲ್ಲ. ಮುಂಬಯಿಯ ಪಾರ್ಸೆಲ್ ಮದುವೆ ಮುಗಿದ ಮೇಲೆ ಬಂದೀತೆಂದು ಎಲ್ಲರೂ ಲೆಕ್ಕ ಹಾಕಿದ್ದರು. ಅದು ಮದುವೆಯ ವಾರದ ಸೋಮವಾರವೇ ಹುಬ್ಬಳ್ಳಿ ಸ್ಟೇಶನ್ನಿಗೆ ಬಂದು ಕೂತಿತು.

ನಾನು ಒಳಗೆ ಮೈತುಂಬ ಅರಿಶಿನ ಹಚ್ಚಿಸಿಕೊಂಡು ಕೂತಿದ್ದೆ. ಮುಂದೆ ನಡೆದದ್ದನ್ನು ಅಬ್ಬಾ ನನಗೆ ಆಮೇಲೆ ಹೇಳಿದ್ದು.

ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಅಡಿಗೆಮನೆಗೆ ತಂದು, "ಬಂತು ನೋಡು! ಏಳು, ಸೀರೆ ಬದಲಿಸು, ಡಾಕ್ಟರರಿಗೆ ಹೇಳಿ ಕಳಿಸ್ತೆ" ಎಂದರಂತೆ. ಅಮ್ಮ ಡಬ್ಬಿಯ ಮೇಲೆ ಕೈಯಿಟ್ಟು ನೋಡಿದಳಂತೆ. ಆಮೇಲೆ ಅಬ್ಬಾನ ಕಾಲು ಹಿಡಿದುಬಿಟ್ಟಳು.

"ಇವತ್ತು ಚುಚ್ಚಿದ್ರೆ ಶುಕ್ರವಾರ ನನ್ನ ಬಾಯಿ ಬಂದ್. ಮಗಳನ್ನು ಮೂಕಿ ಹಾಗೆ ನಿಂತು ಕಳಿಸ್ಲಾ? ತಾಯಿ ದುಆ ಓದಿ ಮುಖಕ್ಕೆ ಊದದೆ ಹೆಣ್ಣನ್ನು ಹೊಸಿಲು ದಾಟಿಸ್ತಾರಾ ಯಾರಾದ್ರೂ? ಊರವರ ಮಕ್ಕಳಿಗೆಲ್ಲ ಹಾಡಿದೆ. ನನ್ನ ಜೊಹರಾನಿಗೆ ನಾನು ಹಾಡೂದಿಲ್ವಾ?"

"ಹುಚ್ಚಿ, ಜೀವ ಮೊದ್ಲು" ಎಂದರು ಅಬ್ಬಾ.

"ಸಾವಿರದಾರುನೂರು ವರ್ಷ ಇರ್ತದೆ ಅಂತ ಊರು ತುಂಬ ಸಾರಿದ್ದು ನೀವೇ ಅಲ್ವಾ? ನಾನು ಕೇಳೂದು ನಾಕೇ ದಿನ."

ಅಬ್ಬಾನಿಗೆ ಅವಳು ಹೇಳಿದ್ದು ಸರಿಯಾಗಿಯೇ ಕಂಡಿತು. ಮದುವೆಯ ಮನೆಯಲ್ಲಿ ಹೆಂಡತಿ ಕಾಲು ಹಿಡಿದು ಅಳುತ್ತಿದ್ದರೆ ಯಾವ ಗಂಡಸು ತಾನೇ ಇಲ್ಲ ಎಂದಾನು? ಡಬ್ಬಿ ಅಮ್ಮನ ಟ್ರಂಕಿನ ತಳ ಸೇರಿತು.

ಮಧುಕೇಶ್ವರರು ಮರುದಿನವೇ ಸಿದ್ದಾಪುರದ ಕಡೆ ಮಲೇರಿಯಾ ಹೆಚ್ಚಿತೆಂದು ಅಲ್ಲಿಗೆ ಹೋದರು. ಬುಧವಾರ ತಮ್ಮ ದವಾಖಾನೆಯ ಆಳು ಕೆರಿಯನನ್ನು ಕಳಿಸಿದರು. ಅವನು ಚಪ್ಪರದ ಹತ್ತಿರ ಬಂದು, "ಸಾಬ್ರೆ, ಮುಂಬೈದು ಬಂತಾ ಕೇಳಿ ಬಾ ಅಂದ್ರು" ಎಂದ. "ಇನ್ನೂ ಇಲ್ಲ ಅನ್ನು. ಬಂದ್ರೆ ನಾನೇ ತರ್ತೆ. ನೀನು ಊಟ ಮಾಡಿ ಹೋಗು" ಎಂದರು ಅಬ್ಬಾ. ಆಯುಷ್ಯದಲ್ಲಿ ಅವರು ಹೇಳಿದ ಸುಳ್ಳುಗಳನ್ನೆಲ್ಲ ರಾಶಿ ಹಾಕಿದರೆ ಚಂದ್ರಗುತ್ತಿ ಗುಡ್ಡದಷ್ಟಾದೀತು. ಎಲ್ಲ ತಮಾಷೆಯ ಸುಳ್ಳು. ಯಾರ ಜೀವಕ್ಕೂ ತಾಗಿದ್ದಲ್ಲ, ಇದೊಂದನ್ನು ಬಿಟ್ಟು.

ಅಮ್ಮ ಹಾಡಿದಳು. ನೋವಿಗೆ ಬಾಯಿ ಅರ್ಧವೇ ತೆರೆಯುತ್ತಿತ್ತು, ಆದರೂ ಹಾಡಿದಳು. ಶುಕ್ರವಾರ ಸಂಜೆ ಬಾಗಿಲಲ್ಲಿ ನನ್ನ ಎರಡೂ ಕೆನ್ನೆ ಹಿಡಿದು, ದುಆ ಓದಿ, ಮುಖಕ್ಕೆ ಊದಿದಳು. ನನಗೆ ಆಗ ಅಳು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಡಬ್ಬಿ ಮನೆಯಲ್ಲೇ ಇದೆಯೆಂದು ತಿಳಿದಿದ್ದರೆ ಆ ಚಪ್ಪರವನ್ನು ನಾನೇ ಕಿತ್ತೊಗೆಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಡಾಕ್ಟರರು ಸಿದ್ದಾಪುರದಿಂದ ಬಂದಿಳಿದರು. ಅಬ್ಬಾ ಹೊಸ ಟೋಪಿ ಹಾಕಿಕೊಂಡು, ಮದುವೆಯ ಲಾಡು ಒಂದು ಕೈಯಲ್ಲಿ, ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ಹೋದರು. ಹಲ್ಲು ಕಿರಿಯುತ್ತ ತಾವೇ ಬಾಯಿಬಿಟ್ಟರು. "ಮಾಫ್ ಮಾಡಿ ಸಾಹೇಬ್ರೆ, ಕೆರಿಯನ ಹತ್ರ ಸುಳ್ಳು ಹೇಳ್ದೆ. ಸೋಮವಾರವೇ ಬಂದಿತ್ತು. ಮಗಳ ಮದುವೆ ಮುಗಿಸ್ಕೊಂಡೇ ಬರುವ ಅಂತ. ಇದೆಲ್ಲಿ ಓಡಿಹೋಗ್ತದೆ?"

ಡಾಕ್ಟರರು ನಿಂತಿದ್ದವರು ಕೂತರಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಬ್ಬಾ ಎಷ್ಟೋ ಸಲ ಹೇಳಿದ್ದಾರೆ.

"ಇದು ರೇಡಿಯಂ ಅಲ್ಲ, ಸಾಹೇಬ್ರೆ" ಎಂದರು. "ರೇಡಿಯಂ ಮುಂಬಯಿಯಲ್ಲೇ ಇದೆ, ತಿಜೋರಿಯಲ್ಲಿ. ಅದನ್ನು ಯಾರೂ ಹೊರಗೆ ಕಳಿಸೂದಿಲ್ಲ. ಅದರಿಂದ ಒಂದು ಗಾಳಿ ಹುಟ್ತಾ ಇರ್ತದೆ. ಆ ಗಾಳಿಯನ್ನು ಹಿಡಿದು ಈ ಗಾಜಿನ ಕಡ್ಡಿಗೆ ತುಂಬಿ ಕಳಿಸ್ತಾರೆ. ಸುಡೂದು ಇದೂ ಹಾಗೇ ಸುಡ್ತದೆ. ಆದ್ರೆ ಇದಕ್ಕೆ ಆಯುಷ್ಯ ಇಲ್ಲ. ನಾಲ್ಕು ದಿನ ತುಂಬೂದರೊಳಗೆ ಅರ್ಧ ಸಾಯ್ತದೆ. ಮತ್ತೆ ನಾಲ್ಕು ದಿನಕ್ಕೆ ಉಳಿದದ್ದರಲ್ಲಿ ಅರ್ಧ. ದಾರಿಯ ಎರಡು ದಿನಕ್ಕೆ ಲೆಕ್ಕ ಹಾಕಿಯೇ ತುಂಬಿದ್ರು ಅವರು. ನಿಮ್ಮ ಟ್ರಂಕಿಗೆ ಲೆಕ್ಕ ಹಾಕಿರ್ಲಿಲ್ಲ."

ಅಬ್ಬಾ ಲಾಡನ್ನು ಮೇಜಿನ ಮೇಲಿಟ್ಟರು. "ಒಂದು ವಾರದ ಬದ್ಲು ಒಂದು ತಿಂಗಳು ಇಟ್ರೆ?"

"ಇಟ್ಟಲ್ಲೂ ಅದು ಸಾಯ್ತಾ ಹೋಗ್ತದೆ."

"ಬೇರೆ ತರಿಸಿದ್ರೆ?"

"ಬರೀತೇನೆ. ಅಲ್ಲಿ ಸರದಿ ದೊಡ್ಡದು." ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಡಾಕ್ಟರರು, "ನಾನು ಅವತ್ತೇ ಬಿಡಿಸಿ ಹೇಳಬೇಕಿತ್ತು" ಎಂದರಂತೆ. ಆಮೇಲೆ ಇದ್ದಬದ್ದ ಶಕ್ತಿಯ ಕಡ್ಡಿಗಳನ್ನೇ ಅಮ್ಮನ ಕೆನ್ನೆಗೆ ಚುಚ್ಚಿದರು.

ಅದಾದ ಕೆಲವು ದಿನಕ್ಕೆ ಅಬ್ಬಾನ ಮೋಟಾರು ಯಲ್ಲಾಪುರದಲ್ಲಿ ನನ್ನ ಗಂಡನ ಮನೆಯೆದುರು ನಿಂತಿತು. ಗಾಡಿ ತುಂಬ ಜನ. ನಾನು ಓಡಿ ಬಂದರೆ ಅಬ್ಬಾ ಸೀಟಿನಿಂದ ಕೂಡಲೇ ಇಳಿಯಲಿಲ್ಲ, ಸ್ಟೇರಿಂಗ್ ಹಿಡಿದು ಕೂತಿದ್ದರು. ಹಿಂದಿನಿಂದ ಯಾರೋ, "ಹೊತ್ತಾತ್ರಿ ಸಾಬ್ರ, ನಡೀರಿ" ಎಂದು ಕೂಗಿದರು. ಅಬ್ಬಾ ಇಳಿದು ನನ್ನನ್ನು ಹಲಸಿನ ಮರದ ಹಿಂದೆ ಕರೆದೊಯ್ದು ಎಲ್ಲ ಹೇಳಿದರು.

ನನಗೆ ಎಲ್ಲಿಂದ ಬಂತೋ ಆ ಸಿಟ್ಟು. "ಜಗತ್ತಿಗೆಲ್ಲ ಬುದ್ಧಿ ಹೇಳ್ತೀರಿ. ಡಾಕ್ಟರನ್ನು ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಕೇಳಿದ್ರೆ ಬ್ಯಾಡ ಅಂತಿದ್ರು ಮಗಾ. ಅದಕ್ಕೇ ಕೇಳ್ಲಿಲ್ಲ." ಅವರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. "ನನ್ನ ಬೈ, ಹೊಡಿ, ಎಂತ ಬೇಕಾದ್ರೂ ಮಾಡು. ಅವಳಿಗೆ ಮಾತ್ರ ಹೇಳ್ಬ್ಯಾಡ. ನಾಕು ದಿನ ಕೇಳಿದ್ದು ಅವಳು. ಗೊತ್ತಾದ್ರೆ ತನ್ನ ಕೈಯಾರೆ ತಾನೇ ಕೊಂದ್ಕೊಂಡೆ ಅಂತ ತಿಳೀತಾಳೆ."

ನನಗೆ ಇನ್ನೂ ಬೈಯುವುದಿತ್ತು. ಆ ನಾಲ್ಕು ದಿನ ನನ್ನ ಸಲುವಾಗಿ ಕೇಳಿದ್ದೆಂದು ಅವರು ಹೇಳಲೂ ಇಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮೆಹಂದಿ ಇನ್ನೂ ಮಾಸದ ಕೈಯಿಂದ ಅವರ ಬೆನ್ನು ಸವರಿದೆ. ಮೋಟಾರು ಹೋಯಿತು.

ಏಪ್ರಿಲಿನಲ್ಲಿ ಹುಣ್ಣು ಒಣಗಿದ ಹಾಗೆ ಕಂಡಿತು. ಅಮ್ಮ ಬೆಲ್ಲ ಹಂಚಿಸಿದಳು. ಅಬ್ಬಾ ಹೋಗಿ ಡಾಕ್ಟರರ ಮುಖ ನೋಡಿದರು, ಆ ಮುಖದಲ್ಲಿ ಬೆಲ್ಲ ಹಂಚುವ ಲಕ್ಷಣವಿರಲಿಲ್ಲ. ಮೇ ತಿಂಗಳಲ್ಲಿ ದವಡೆಯ ಕೆಳಗೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿತು. ಆಮೇಲೆ ಬಂತು ಮುಂಬಯಿಯ ಎರಡನೆಯ ಡಬ್ಬಿ. ಆ ದಿನ ಅಬ್ಬಾ ಹುಬ್ಬಳ್ಳಿಯಿಂದ ಎಲ್ಲೂ ನಿಲ್ಲಿಸಲಿಲ್ಲ. ಕಿರವತ್ತಿಯಲ್ಲಿ ಇಳಿಯಬೇಕಾದವರು ಬೊಬ್ಬೆ ಹೊಡೆದರು, ಯಲ್ಲಾಪುರದವರು ಜನ್ಮ ಜಾಲಾಡಿದರು. ಎಲ್ಲರನ್ನೂ ಹೊತ್ತು ತಂದು ಶಿರಸಿಯ ದವಾಖಾನೆಯ ಬಾಗಿಲಲ್ಲೇ ನಿಲ್ಲಿಸಿದರು. ಡಾಕ್ಟರರು ಆಗಿಂದಾಗಲೇ ಕಡ್ಡಿ ಚುಚ್ಚಿದರು. ಕೆನ್ನೆ ಚೆನ್ನಾಗಿಯೇ ಸುಟ್ಟಿತು. ಕುತ್ತಿಗೆಗೆ ಇಳಿದದ್ದು ಇಳಿದಾಗಿತ್ತು.

ಮಳೆ ಹಿಡಿದ ಮೇಲೆ ನಾನು ತವರಿಗೆ ಬಂದು ಅಮ್ಮನ ಹತ್ತಿರವೇ ಉಳಿದೆ. ಅಬ್ಬಾ ಡ್ಯೂಟಿ ಮುಗಿಸಿ ಬಂದು ಅವಳ ಕಾಲ ಬುಡದಲ್ಲಿ ಕೂರುವರು. ಮೋಟಾರಿನ ಸುದ್ದಿ ಒಂದನ್ನೂ ಎತ್ತದೆ ಅವಳ ಕಾಲು ಒತ್ತುವರು. ನಾನು ಎದ್ದು ಏನಾದರೂ ಮಾಡೋಣವೆಂದರೆ ಮಾಡುವುದಕ್ಕೆ ಏನಿತ್ತು? ನೋವಿಗೆ ಡಾಕ್ಟರರು ಕೊಟ್ಟ ಪುಡಿ ಕಲಸಿ ಕುಡಿಸುವುದು, ತಲೆದಿಂಬು ಸರಿಮಾಡುವುದು, ಅಷ್ಟೇ.

ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಹತ್ತಿರ ಕರೆದಳು. ಅವಳ ಮಾತು ಆಗ ನನ್ನೊಬ್ಬಳಿಗೇ ತಿಳಿಯುತ್ತಿತ್ತು.

"ಅಬ್ಬಾನ ಮೇಲೆ ಸಿಟ್ಟು ಮಾಡ್ಬೇಡ. ಅವರ ಹತ್ರ ನೀನು ಸರಿಯಾಗಿ ಮಾತಾಡೂದಿಲ್ಲ, ನಂಗೆ ಕಾಣ್ತದೆ. ಅವರು ಮಾಡೂದೆಲ್ಲ ಮಾಡಿದ್ರು. ಔಷಧಿ ನನಗೆ ತಾಗ್ಲಿಲ್ಲ, ಯಾರೇನು ಮಾಡೂದು?"

ನಾನು ಹೂಂ ಎಂದೆ. ಅಬ್ಬಾ ಆಗಷ್ಟೇ ಬಂದು, ಒದ್ದೆ ಟೋಪಿ ಕೈಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತಿದ್ದರು. ಅಮ್ಮನ ಬೆನ್ನು ಆ ಕಡೆಗಿತ್ತು.

"ಒಂದು ಮಾತ್ರ ನಾನು ಬುದ್ಧಿವಂತಿಕೆ ಮಾಡ್ದೆ ನೋಡು" ಎಂದಳು. ನಗಲು ನೋಡಿದಳು, ಕೆನ್ನೆ ಕೇಳಲಿಲ್ಲ. "ಅವತ್ತು ಸೋಮವಾರವೇ ಡಬ್ಬಿ ಬಂದಿತ್ತು, ನಿಂಗೆ ಗೊತ್ತಿಲ್ಲ. ನಾಕು ದಿನ ತಡೀರಿ ಅಂತ ನಾನೇ ಹಟ ಹಿಡ್ದೆ. ಹೇಗೂ ತಾಗದ ಔಷಧಿ. ಅವರ ಮಾತು ಕೇಳಿ ಅವತ್ತೇ ಚುಚ್ಚಿಸ್ಕೊಂಡಿದ್ರೆ ನಿನ್ನ ಮದುವೆಲಿ ಹಾಡೂದೂ ತಪ್ತಿತ್ತು, ಊದೂದೂ ತಪ್ತಿತ್ತು. ಅದೊಂದನ್ನು ಉಳಿಸ್ಕೊಂಡೆ. ಒಳ್ಳೇದು ಮಾಡ್ದೆ ಅಲ್ವಾ ಮಗಾ?"

ನಾನು ಬಾಗಿಲ ಕಡೆ ನೋಡಿದೆ. ಅಬ್ಬಾ ತಲೆ ಅಲ್ಲಾಡಿಸುತ್ತಿದ್ದರು, ಹೇಳಬೇಡ, ಹೇಳಬೇಡ ಎಂದು.

"ಹೌದಮ್ಮಾ" ಎಂದೆ. "ಒಳ್ಳೇದೇ ಮಾಡ್ದೆ."